ಹುಣಸೆಬೀಜದ ಲೆಕ್ಕ

ಶಿಡ್ಲಘಟ್ಟದಲ್ಲಿ ಯಾರ ನಾಲಿಗೆಗೂ ಈ ಆಟದ ಹೆಸರು ಹೊರಳುವುದಿಲ್ಲ.
ಲ್ಯಾಕ್ರಾಸ್ ಅಂದರೆ, "ಯಾವ ಕ್ಲಾಸು, ಟ್ಯೂಷನ್ನಾ?"
ಅಂತಾರೆ ನನ್ನ ಜೊತೆ ನೂಲು ತೆಗೆಯುವ ಹೆಂಗಸರು.
ನಾನೂ ಮೊದಲ ದಿನ ಹಾಗೇ ಅಂದುಕೊಂಡು
ಫೀಸು ಎಷ್ಟು ಅಂತ ಕೇಳಿದ್ದೆ.

ಶಾಹೀನಾ ಮೇಡಂ ನಕ್ಕು ಕೈಗೊಂದು ಕೋಲು ಕೊಟ್ಟರು.
ತುದಿಗೆ ಬಲೆ, ಬಲೆಗೊಂದು ಪುಟ್ಟ ಹೊಟ್ಟೆ,
ಮಾವಿನಕಾಯಿ ಕೀಳುವ ದೋಟಿಯ ತಮ್ಮನ ಹಾಗೆ.
ಇಪ್ಪತ್ತೆರಡು ಮಕ್ಕಳಿಗೆ ಹನ್ನೊಂದು ಕೋಲು.
ನನ್ನ ಲಿಖಿತಾ ತನ್ನ ಪಾಳಿ ಬರುವವರೆಗೆ
ಪೊರಕೆ ಹಿಡಿದು ಓಡುತ್ತಿದ್ದಳು.

"ಎದ್ದು ಕಾಣಬೇಕು ಕಣೆ," ಅಂದೆ.
ಎಲ್ಲರದೂ ಒಂದೇ ನೀಲಿ ಅಂಗಿ,
ಎದ್ದು ಕಾಣದಿದ್ದರೆ ಯಾರು ಕರೆದಾರು?
ಕೆಂಪು ರಿಬ್ಬನ್ನು ಕಟ್ಟಿ ಕಳಿಸಿದೆ.
ಬಿಚ್ಚಿ ಜೇಬಲ್ಲಿಟ್ಟುಕೊಂಡು ಬಂದಳು.

ಸಂಜೆ ನೂಲಿನ ಶೆಡ್ಡಿನ ಹಿಂಗೋಡೆಗೆ ಚೆಂಡು,
ಬಲಗೈಲಿ ಐವತ್ತು, ಎಡಗೈಲಿ ಐವತ್ತು.
ಎಡಗೈಯದು ಒಂದೂ ನಿಲ್ಲದು.
ಬೆಂದ ಹುಳದ ರಾಶಿಗೆ ಬಿದ್ದು ಮಾಲೀಕ ಬೈದ.
ನೋಡಿದೆ: ಜಗಳಕ್ಕೆ ಹೋದವಳ ಹಾಗೆ
ಕೋಲು ಮುಂದೆ ಚಾಚಿ ಹಿಡಿಯುತ್ತಾಳೆ.

ಆಟ ನನಗೆ ಗೊತ್ತಿಲ್ಲ. ಎಳೆ ಗೊತ್ತು.
ಹದಿನಾಲ್ಕು ವರ್ಷ ಬಿಸಿನೀರಲ್ಲಿ
ಗೂಡಿನ ತುದಿ ಹುಡುಕಿದ ಬೆರಳು ಇವು,
ತಾವು ಸುಲಿದರೂ ಎಳೆ ಕಡಿಯದವು.
"ಬರೋದನ್ನ ತಡೀಬೇಡ," ಅಂದೆ,
"ಅದರ ಜೊತೆ ಒಂದು ಗೇಣು ಹಿಂದೆ ಬಾ."
ಚೆಂಡು ಬಂತು. ಕೋಲು ಹಿಂದಕ್ಕೆ ಜಾರಿತು.
ಸದ್ದೇ ಇಲ್ಲ.
ಇದೆಯೋ ಇಲ್ಲವೋ ಅಂತ ಇಬ್ಬರೂ ಬಲೆಯೊಳಗೆ ಇಣುಕಿದೆವು.

ಚಿಂತಾಮಣಿಯವರ ಮೇಲಿನ ಪಂದ್ಯದಲ್ಲಿ
ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.
"ಕೊಡಬೇಡ ಅವಳಿಗೆ! ನೀನೇ ಹೊಡಿ!"
ಒಮ್ಮೆ ನನ್ನ ಕಡೆ, ಒಮ್ಮೆ ಮೇಡಂ ಕಡೆ ತಿರುಗಿ
ನಡುವೆ ನಿಂತುಬಿಟ್ಟಳು.
ಚೆಂಡು ಯಾರದೋ ಪಾಲಾಯಿತು.
ಬಸ್ಸಲ್ಲಿ ಕಿಟಕಿಗೆ ಮುಖ ಮಾಡಿ ಹೇಳಿದಳು:
"ಅಮ್ಮ, ಮುಂದಿನ ಸಲಾನೂ ಬಾ.
ಬಾಯಿ ಮಾತ್ರ ಮನೇಲಿ ಬಿಟ್ಟು ಬಾ."

ಬಾಯಿಗೆ ಕೆಲಸವಿಲ್ಲದಿದ್ದರೆ ಕೈಗಾದರೂ ಬೇಕಲ್ಲ.
ಏನು ನೋಡಲಿ ಅಂತ ಮೇಡಂನ ಕೇಳಿದೆ.
"ಗೋಲು ಎಲ್ಲರೂ ಎಣಿಸ್ತಾರೆ," ಅಂದರು,
"ನೀವು ನೆಲದ ಚೆಂಡು ಎಣಿಸಿ."
ಸೆರಗಿನ ಗಂಟಲ್ಲಿ ಒಂದು ಹಿಡಿ ಹುಣಸೆಬೀಜ
ಕಟ್ಟಿಕೊಂಡು ಹೋದೆ.

ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಆಯ್ಕೆ.
ಬಯಲಾಚೆ ನಂದಿಬೆಟ್ಟ ಮೈಚಾಚಿ ಮಲಗಿತ್ತು,
ಯಾವ ಟೀಮಿನ ಕಡೆಗೂ ಇಲ್ಲದೆ.
ಉದ್ದನೆ ಹುಡುಗಿಯರು ಆಕಾಶದಲ್ಲೇ ಹಿಡಿದರು.
ನನ್ನವಳು ಗಿಡ್ಡಿ.
ಮೂಗಿಗೆ ಮಣ್ಣು ತಾಗುವಷ್ಟು ಬಗ್ಗಿ,
ನಾಲ್ಕು ಕೋಲಿನ ನಡುವೆ ಉರುಳುವುದನ್ನು ಗೋರಿ ತೆಗೆದು,
ಮಗುವಿನ ತೊಟ್ಟಿಲ ಹಾಗೆ ತೂಗುತ್ತ ನಾಲ್ಕು ಹೆಜ್ಜೆ ಓಡಿ,
ಯಾರಿಗೋ ಕೊಟ್ಟು, ಮತ್ತೆ ಬಗ್ಗುವುದು.
ಬಗ್ಗಿ ಎತ್ತಿದ ಒಂದೊಂದು ಚೆಂಡಿಗೂ ಒಂದೊಂದು ಬೀಜ
ಬಲಮುಷ್ಟಿಯಿಂದ ಎಡಮುಷ್ಟಿಗೆ.
ಎದ್ದು ಕಾಣು ಅಂದವಳು ನಾನೇ.
ಅವಳು ಬಗ್ಗಿದಾಗಲೆಲ್ಲ ಕಂಡವಳೂ ನಾನೇ.

ಪಟ್ಟಿ ಸೋಮವಾರ ಹಾಕ್ತಾರಂತೆ.
ಬಿಳಿ ಟೋಪಿಯವರು ಬರೆದುಕೊಂಡ ನಂಬರು
ಇವಳದೋ, ಪಕ್ಕದವಳದೋ, ತಿಳಿಯಲಿಲ್ಲ.

ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ
ಕಡಲೆಕಾಯಿ ಪೊಟ್ಟಣದ ಪಕ್ಕ ಮುಷ್ಟಿ ಬಿಚ್ಚಿದೆ.
ಹದಿನೇಳು. ಬೆವರಿಗೆ ಮಿರಿಮಿರಿ.
ಒಂದೊಂದೇ ಮುಟ್ಟಿ ನೋಡಿ, "ಹದಿನೆಂಟು," ಅಂದಳು.
ಮತ್ತೆ ಎಣಿಸಿದೆ. ಹದಿನೇಳೇ.
"ಆಚೆ ಟೀಮಿನ ಹುಡುಗಿ ಬಿದ್ದಳಲ್ಲ,
ಅವಳಿಗೆ ನೀರು ಕೊಡೋಕೆ ಹೋಗಿದ್ದೆ ನೀನು.
ಆಗ ಒಂದು."

ನೆಲದಲ್ಲಿ ಹುಡುಕಿ,
ಒಂದು ಸಣ್ಣ ಕಲ್ಲು ತಂದಿಟ್ಟಳು.