ಆಡದೆ ಉಳಿದ ಅರ್ಧ

ಮಾಚೇನಹಳ್ಳಿಯಲ್ಲಿ ಮಧ್ಯಾಹ್ನ ಎರಡೂವರೆ ಅಂದರೆ
ಜಪಾನಿನಲ್ಲಿ ಸಂಜೆ ಆರು.
ನಮಗೆ ಮೊದಲ ಪಾಳಿ ಬಿಡುವ ಹೊತ್ತು,
ಅಲ್ಲಿ ದೀಪ ಹಚ್ಚಿ ಬೇಸ್‌ಬಾಲ್ ಶುರು.

ಫೌಂಡ್ರಿಗೆ ಹೊಸ ಯಂತ್ರ ಕೂರಿಸಲು ಬಂದವರು ಕುರಾಮೊತೊ.
ನನ್ನ ಹಾಲಮ್ಮ ಅವರ ನಾಲಗೆಯಲ್ಲಿ ಹಾರಮ್ಮ ಆಯಿತು;
ಅವರ ಹೆಸರನ್ನು ಕೋರ್ ಶಾಪಿನ ನಾವು ಹೆಂಗಸರು
ಕುರಿಮೊಟ್ಟೆ ಮಾಡಿದ್ದೆವು. ಲೆಕ್ಕ ಸಮ.

ಕ್ಯಾಂಟೀನಿನ ಮೂಲೆ ಮೇಜು, ಫ್ಲಾಸ್ಕಿಗೆ ಒರಗಿಸಿದ ಫೋನು,
ಪಕ್ಕದಲ್ಲಿ ಚೌಕುಳಿ ಪುಸ್ತಕ, ಮೊಂಡು ಪೆನ್ಸಿಲು,
ಒಂದೊಂದು ಚೆಂಡಿಗೂ ಒಂದು ಗುರುತು.
ಏನಿದು ಅಂದೆ.
ಮೂರು ತಿಂಗಳ ಕನ್ನಡ ಸಾಲದೆ
ಅಚ್ಚಿನ ಮರಳು ಹಿಡಿಯಷ್ಟು ತಂದು ತಟ್ಟೆಯಲ್ಲಿ ಹರವಿ
ಗಾಳಿಕಂಡಿ ಚುಚ್ಚುವ ತಂತಿಯಿಂದ ಗೀರಿದರು:
ಓರೆ ನಿಂತ ಚೌಕ, ಮೂಲೆಗೊಂದರಂತೆ ಗೂಡು,
ಹೊರಟ ಮನೆಗೇ ಸುತ್ತಿ ಬಂದರೆ ಅಂಕ.
ಓ, ಚೌಕಾಬಾರ! ಕಾಯಿ ಹಣ್ಣಾಗುವುದು!
ನಡುದಾರಿಯಲ್ಲಿ ಕಡಿಯುವವರೂ ಇದ್ದಾರೆ, ಸರಿ.
ಅಷ್ಟು ಸಾಕಾಯಿತು ನನಗೆ.

ಕಷ್ಟವಾದದ್ದು ಆಟವಲ್ಲ, ಅದರ ಲೆಕ್ಕ.
ವರ್ಷವಿಡೀ ಆಡಿ ಮೊದಲು ನಿಂತ ತಂಡಕ್ಕೆ
ಈ ಸರಣಿಯಲ್ಲಿ ಒಂದು ಗೆಲುವು ಮೊದಲೇ ಕೊಟ್ಟಿರುತ್ತಾರೆ.
ಒಂದು ಚೆಂಡೂ ಬಿದ್ದಿಲ್ಲ, ಹಲಗೆಯ ಮೇಲೆ ಒಂದು–ಸೊನ್ನೆ.
ಅವರಿಗೆ ಇನ್ನು ಮೂರು ಸಾಕು. ಇವರಿಗೆ ನಾಲ್ಕು ಬೇಕು.
ಕುರಾಮೊತೊ ಇವರ ಕಡೆ; ಅದು ಹುಟ್ಟಿದೂರಿನ ತಂಡ.

ಗೊತ್ತು ಬಿಡಿ ಸಾರ್, ಅಂದೆ,
ಆ ಒಂದನ್ನು ನಾನು ನೋಡಿದ್ದೇನೆ.
ಖಾಯಂ ಆದ ಹಳದಿ ಹೆಲ್ಮೆಟ್ಟಿನವರು
ಜೇಬಿನಲ್ಲಿ ಇಟ್ಟುಕೊಂಡೇ ಗೇಟು ದಾಟುತ್ತಾರೆ.
ಮೊನ್ನೆ ಆಯುಧಪೂಜೆಗೆ ಅವರಿಗೆ ಬೋನಸ್ಸು, ಸ್ಟೀಲ್ ಡಬ್ಬಿಯಲ್ಲಿ ಮೈಸೂರುಪಾಕು;
ಗುತ್ತಿಗೆಯ ನಮಗೆ ಮಂಡಕ್ಕಿ ಪೊಟ್ಟಣ, ಎರಡು ಬಾಳೆಹಣ್ಣು.
ಕುಂಬಳಕಾಯಿ ಒಡೆದ ನೆಲ ತೊಳೆದದ್ದು
ನಾನು, ಸೆಲ್ವರಾಣಿ.

ಕುರಾಮೊತೊ ತಲೆ ಅಲ್ಲಾಡಿಸಿದರು. ಇಲ್ಲ ಹಾರಮ್ಮ,
ಬಿಟ್ಟಿ ಅಲ್ಲ. ನೂರ ನಲವತ್ತಮೂರು ಆಟ ಆಡಿ ಗಳಿಸಿದ್ದು.
ನೂರ ನಲವತ್ತಮೂರೂ ಬರೆದಿಟ್ಟಿದ್ದಾರೆ.

ಬರೆದಿಟ್ಟಿದ್ದಾರೆ.
ಆ ಮಾತು ಅಂಟುಮರಳಿನ ಹಾಗೆ
ಉಗುರುಸಂದಿಯಲ್ಲಿ ಕೂತಿತು.

ಸೋಮವಾರ ಆರನೆಯ ಆಟ, ಕೊನೆಯದು.
ಆಡಿ ಗೆದ್ದದ್ದು ಇವರು ಮೂರು, ಅವರು ಎರಡು;
ಕೊಟ್ಟ ಒಂದು ಸೇರಿ ಮೂರಕ್ಕೆ ಮೂರು.
ಸೆಲ್ವರಾಣಿ ಬಸ್ಸಿಗೆ ಹೋದಳು. ನಾನು ಹೋಗಲಿಲ್ಲ.
ಎರಡನೆ ಪಾಳಿಯ ಟೀ ಬಂದು ಹೋಯಿತು.
ಒಂಬತ್ತು ಸುತ್ತಾಯಿತು, ಹತ್ತಾಯಿತು, ಹನ್ನೊಂದು,
ಎರಡು–ಎರಡು. ಕಿಟಕಿಯಾಚೆ ಕತ್ತಲು.
ಹನ್ನೆರಡರ ಮೇಲಿನ ಅರ್ಧ. ಇವರ ಹುಡುಗ ಮೂರನೆಯ ಗೂಡಿನಲ್ಲಿ,
ಮನೆಗೆ ಹದಿನೈದು ಮಾರು.
ಹೊಡೆದ ಚೆಂಡು ಮೇಲೆ ಹೋಯಿತು, ಇನ್ನೂ ಮೇಲೆ,
ಯಾರದೋ ಗವಸಿನೊಳಗೆ ಇಳಿಯಿತು.

ಆಮೇಲೆ ಎಲ್ಲ ಸಾಲಾಗಿ ನಿಂತು ಬಾಗಿದರು.
ಯಾಕೆ? ಕೆಳಗಿನ ಅರ್ಧ ಇದೆಯಲ್ಲ?
ಬೇಡವಂತೆ. ಸಮವಾದರೆ ಮೇಲಿದ್ದವರೇ ಮೇಲೆ.
ಆರರಲ್ಲಿ ಮೂರು ಗೆದ್ದು ಎರಡೇ ಸೋತವರು
ಚೀಲ ಕಟ್ಟಿದರು.

ಖಾಲಿ ಉಳಿದ ಚೌಕುಳಿಯ ಮೇಲೆ
ಕುರಾಮೊತೊ ನಿಧಾನಕ್ಕೆ ಒಂದು ಅಡ್ಡಗೆರೆ ಎಳೆದರು.
ಮುಖದಲ್ಲಿ ಏನೂ ಕಾಣಲಿಲ್ಲ; ಪೆನ್ಸಿಲಿನ ಮೊನೆ ಮುರಿದಿತ್ತು.
ಹೊರಗೆ ಹಾರನ್ನು. ಹಾರಮ್ಮ, ಬಸ್! ಅಂದರು.
ಹಾರಿದೆ.

ಭದ್ರಾವತಿಯ ಕೊನೆಯ ಸೀಟಿನಲ್ಲಿ ಕೂತು ಎಣಿಸತೊಡಗಿದೆ.
ಒಂಬತ್ತು ವರ್ಷ. ಹನ್ನೊಂದು ತಿಂಗಳಿಗೊಮ್ಮೆ ಗುತ್ತಿಗೆದಾರ
ತಿಂಗಳು ಮನೆಯಲ್ಲಿ ಕೂರಿಸಿ, ಹೊಸ ಕಾಗದಕ್ಕೆ ಸಹಿ ಹಾಕಿಸಿ
ಹಳೆಯ ಎಣಿಕೆಯನ್ನು ಸೊನ್ನೆ ಮಾಡುತ್ತಾನೆ.
ಮಾಡಲಿ. ತಿಂಗಳಿಗೆ ಇಪ್ಪತ್ತಾರು ಪಾಳಿ.
ಇಪ್ಪತ್ತಾರು ಹನ್ನೊಂದ್ಲ ಇನ್ನೂರ ಎಂಬತ್ತಾರು,
ಅದು ಒಂಬತ್ತು ಸಲ…

ಎಷ್ಟಮ್ಮ? ಕಂಡಕ್ಟರ್ ಬಂದು ನಿಂತ.
ಎರಡು ಸಾವಿರದ ಐನೂರ ಎಪ್ಪತ್ನಾಲ್ಕು, ಅಂದೆ.
ಅವನು ನಕ್ಕು
ಒಂದು ಹರಿದ.