ನೂರಾ ಹದಿನೇಳು

ಅರವತ್ತೊಂದು ಮನೆ, ಎರಡು ಸಾವಿರ ಎಕರೆ.
ಜನಸಾಂದ್ರತೆಯ ಕಾಲಮ್ಮಿನಲ್ಲಿ
ಮೊದಲು ಸೊನ್ನೆ, ಆಮೇಲೆ ಚುಕ್ಕೆ,
ಅದರಾಚೆ ಮುರಡಗುಂಡಗಿ.

ಸೇಡಂ ಬಸ್ಸು ದಿನಕ್ಕೆ ಎರಡು ಸಲ.
ಮೊದಲನೆಯದಕ್ಕೆ ಇಳಿದೆ,
ಕಂಕುಳಲ್ಲಿ ನಕಾಶೆಯ ಸುರುಳಿ,
ಚೀಲದಲ್ಲಿ ಇಲಾಖೆ ಕೊಟ್ಟ ಬಣ್ಣದ ಪೆನ್ಸಿಲು.

ಹಳದಿ ಅಂದರೆ ವಾಸ. ನೀಲಿ, ವ್ಯಾಪಾರ.
ಕೆಂಪು ಸರಕಾರದ್ದು, ತಿಳಿಹಸಿರು ಒಕ್ಕಲುತನ,
ನೇರಳೆ ಕಾರ್ಖಾನೆ.
ಒಂದು ಸರ್ವೆ ನಂಬರಿಗೆ ಒಂದೇ ಬಣ್ಣ.

ಗಾಂವಠಾಣ ಐದು ನಿಮಿಷಕ್ಕೆ ಹಳದಿಯಾಯಿತು.
ವ್ಯಾಪಾರ ಎಲ್ಲಿ ಅಂತ ಕೇಳಿದೆ.
ಖಾಜಾಬಿ ತನ್ನ ಕಟ್ಟೆ ತೋರಿಸಿದಳು:
ಬೀಡಿ, ಶಾಂಪೂ ಚೀಟಿ, ಒಂದು ಡಬ್ಬಿ ಪೆಪ್ಪರಮೆಂಟು,
ಹಿಂದೆ ಒಲೆ, ಪಕ್ಕದಲ್ಲಿ ಹೊರಸು.
‘ನೀಲಿ ಹಚ್ಚಿದ್ರ ನಾ ಎಲ್ಲಿ ಮಲಗ್ಲಿ?’
ಸಾಸಿವೆಯಷ್ಟು ನೀಲಿ ಹಚ್ಚಿ, ಅಳಿಸಿದೆ.

ವಾಹನ ನಿಲುಗಡೆಗೆ ಜಾಗ ಗುರುತಿಸಲೇಬೇಕು, ನಿಯಮ.
ಊರಿಗಿದ್ದ ಒಂದೇ ಟಂಟಂ
ಬೇವಿನ ನೆರಳಿಗೆ ತಾನೇ ಸರಿದು ನಿಂತಿತ್ತು.

ಆಮೇಲೆ ನೂರಾ ಹದಿನೇಳು.
ಹನ್ನೆರಡು ಎಕರೆ ಗೈರಾಣ.
ಪಟ್ಟಿಯಲ್ಲಿ: ಖಾಲಿ, ಬಳಕೆಯಲ್ಲಿಲ್ಲ.
ಅಡಿಯಲ್ಲಿ ಸುಣ್ಣಗಲ್ಲಿದೆ;
ಮೇಲಿನವರು ಪೆನ್ಸಿಲಿನಲ್ಲಿ ಸಣ್ಣಗೆ
‘ನೇರಳೆ?’ ಎಂದು ಬರೆದು ಕಳಿಸಿದ್ದರು.

ಸಾಬಣ್ಣ ಕಂಬಳಿ ಕೊಡವಿ ಹಾಳೆಯ ಪಕ್ಕ ಕುಂತ.
‘ಯಾವ ತಿಂಗಳದ ಬಣ್ಣ ಹೇಳ್ಬೇಕ್ರಿ?
ರಾಶಿ ದಿನಕ್ಕ ಅದು ಕಣ,
ತೊಗರಿ ಆಯ್ತಂದ್ರ ಜ್ವಾಳ.
ಎಳ್ಳಮಾಸಿಗಿ, ಹೊಲ ಇಲ್ಲದವ್ರು
ಭಜ್ಜಿ ಗಡಗಿ ಹೊತ್ಕೊಂಡು ಬರೋದು ಅಲ್ಲಿಗೇ.
ಬ್ಯಾಸಗ್ಯಾಗ ನನ್ನ ಕುರಿ ಮಲಗ್ತಾವ.
ಮಳಿ ಹಿಡದ್ರ ನೀರ ನಿಂತು
ಎಮ್ಮಿ ಬಿದ್ದು ಹೊಳ್ಳಾಡ್ತಾವ.’

‘ಸತ್ತ ದನ ಒಯ್ಯೋದೂ ಅಲ್ಲೇ, ಅದೂ ಹೇಳು’
ಅಂದಳು ಹಿಂದಿನಿಂದ ತಾಂಡಾದ ಹೀರೂಬಾಯಿ.
‘ನನ್ನ ಮಗಳ ಮದುವಿ ಚಪ್ಪರಾನೂ.’
‘ಒಂದೇ ಜಾಗಾದಾಗ?’
‘ಜಾಗಾ ಒಂದೇ ಅದ. ದಿನ ಬ್ಯಾರೆ.’

ಪೆನ್ಸಿಲು ಮೇಲಿಂದ ಮೇಲೆ ಚೂಪು ಮಾಡಿದೆ.
ನನ್ನ ಬಣ್ಣಗಳಲ್ಲಿ ಒಂದಕ್ಕೂ ತಿಂಗಳಿಲ್ಲ.
ಷರಾ ಖಾನೆಯಲ್ಲಿ ಬರೆಯಲು ಹಿಡಿದೆ,
ಬಳಕೆಯಲ್ಲಿದೆ, ಕಣ, ಕುರಿ, ನೀರು, ಚಪ್ಪರ...
ಖಾನೆ ಹೆಬ್ಬೆರಳಗಲ.
ಅಕ್ಷರಗಳು ಅಂಚು ದಾಟಿ
ಪಕ್ಕದ ಹಳ್ಳಿಯ ಸರಹದ್ದಿಗೆ ನುಗ್ಗಿದವು.

‘ನಿಮ್ಮ ಹಾಳಿ ಸಣ್ಣದದ’ ಅಂದ ಸಾಬಣ್ಣ,
ಬೈಗುಳವಲ್ಲ; ಅಂಗಿ ಬಿಗಿಯಾದ ಹುಡುಗನಿಗೆ
ಹೇಳುವ ಹಾಗೆ.

ಸಂಜೆ ಬಸ್ಸಿನಲ್ಲಿ ಸುರುಳಿ ಬಿಚ್ಚಿ ನೋಡಿದರೆ
ನೂರಾ ಹದಿನೇಳರ ಮೇಲೆ
ಎರೆಮಣ್ಣಿನ ಒಂದು ಬೆರಳಚ್ಚು.
ಅವನು ಬೊಟ್ಟಿಟ್ಟು ತೋರಿಸಿದ್ದ ಜಾಗ.
ಒಣಗಿ, ಬಿರುಕು ಬಿಡುತ್ತಿತ್ತು, ಅಲ್ಲಿನಂತೆಯೇ.

ಸೂಚಿಯಲ್ಲಿ ಈ ಬಣ್ಣಕ್ಕೆ ಹೆಸರಿಲ್ಲ.
ರಬ್ಬರು ಚೀಲದಲ್ಲೇ ಎಲ್ಲೋ ಇತ್ತು.
ಕಾಗಿಣಾ ಸೇತುವೆ ದಾಟುವ ತನಕ
ಅದನ್ನು ಹುಡುಕಲಿಲ್ಲ.