ಕುರ್ಚಿಯ ಕೊನೆಯ ಗಿರಾಕಿ

ರಾತ್ರಿ ಎರಡೂವರೆಯ ಗೂಡ್ಸು
ಅರಸೀಕೆರೆಯಲ್ಲಿ ಹಳಿ ಬದಲಿಸುವ ಹೊತ್ತಿಗೇ
ನಮ್ಮ ಹುರುಳಿ ಕೆಮ್ಮತೊಡಗುತ್ತದೆ.
ಕತ್ತು ಚಾಚಿ, ಹೊಟ್ಟೆ ನೆಲಕ್ಕೊತ್ತಿ
ಹಕ್, ಹಕ್, ಹಕ್,
ಸ್ಟಾರ್ಟ್ ಆಗದ ಹಳೇ ಲೂನಾದ ಹಾಗೆ.

"ಚಾಪೆ ಎಳೀರಿ" ಅನ್ನುತ್ತಾಳೆ ಇವಳು ನಿದ್ದೆಗಣ್ಣಲ್ಲೇ.
ಎಳೆಯುತ್ತೇನೆ.
ಅದು ಚಾಪೆಯ ಹಿಂದೆಯೇ ಬಂದು
ಚಾಪೆಯ ಮೇಲೇ ಕಕ್ಕುತ್ತದೆ,
ಸಿಮೆಂಟು ನೆಲ ಇಷ್ಟಗಲ ಬಿದ್ದಿದ್ದರೂ.

ಉಂಡೆ ಅಂತಾರೆ ಜನ. ಉಂಡೆಯಲ್ಲ,
ದೀಪಕ್ಕೆ ಹೊಸೆದ ಒದ್ದೆ ಬತ್ತಿ,
ಹೆಬ್ಬೆರಳುದ್ದ.

ಮೂವತ್ತೊಂದು ವರ್ಷದಿಂದ
ಸ್ಟೇಷನ್ ರಸ್ತೆಯಲ್ಲಿ ಕತ್ತರಿ ಆಡಿಸುವವನು ನಾನು,
ಅಂಗಡಿ ಮುಂದೆ, ಮನೆ ಹಿಂದೆ.
ಊರ ಕೂದಲೆಲ್ಲ ಗುಡಿಸಿ ಗೋಣಿಗೆ ತುಂಬುವವನ ಬೆಕ್ಕು
ಕೂದಲಿಗೇ ಸಿಕ್ಕಿಕೊಂಡಿತೆಂದರೆ
ಗಿರಾಕಿಗಳು ನಗದೆ ಬಿಡುತ್ತಾರೆಯೇ?

ಸಲಹೆಗೆ ಸಲೂನಿನಲ್ಲಿ ಬರವಿಲ್ಲ.
ಹರಳೆಣ್ಣೆ ಹುಯ್ಯಿ ಎಂದ ಗುಜರಿ ಮಲ್ಲೇಶಿ.
ಬೋಳಿಸಿಬಿಡು ಸಿಂಗ್ರಯ್ಯ, ಕಸುಬು ಕೈಯಲ್ಲೇ ಇದೆಯಲ್ಲ
ಎಂದವರೇ ಹೆಚ್ಚು.
ಎಣ್ಣೆಯ ಚಮಚ ಹಿಡಿದು ನಾನೂ ಒಮ್ಮೆ
ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ.
ಗುರುತು ಇನ್ನೂ ಮೊಣಕೈಯಲ್ಲಿದೆ.

ಆಮೇಲೆ ಎರಡು ದಿನ ಬರೀ ಹಕ್ ಹಕ್.
ಏನೂ ಬರಲಿಲ್ಲ.
ಮೀನಿನ ತಲೆಯತ್ತ ತಿರುಗಿಯೂ ನೋಡಲಿಲ್ಲ.
ಮರಳಿನ ತಟ್ಟೆ ಇಟ್ಟ ಹಾಗೇ ಇತ್ತು.
ತರಕಾರಿ ಬುಟ್ಟಿಯ ಬಾಯಿಗೆ ಟವೆಲು ಕಟ್ಟಿ
ದನದಾಸ್ಪತ್ರೆಗೆ ಹೊತ್ತೆ.
ಹೋರಿ, ಎಮ್ಮೆ, ಟಗರುಗಳ ಸಾಲಿನಲ್ಲಿ ನಾವಿಬ್ಬರು.

ಡಾಕ್ಟ್ರಮ್ಮ ಹೊಟ್ಟೆ ಒತ್ತಿ ಒತ್ತಿ ನೋಡಿದರು.
ತೊಗಲಿನಡಿಗೆ ನೀರು ಏರಿಸಿದರು.
"ಇನ್ನೂ ತಡಮಾಡಿದ್ದರೆ
ಹಾಸನಕ್ಕೊಯ್ದು ಕೊಯ್ಯಿಸಬೇಕಾಗುತ್ತಿತ್ತೋ ಏನೋ."
ಎಣ್ಣೆ ಎಂದದ್ದಕ್ಕೆ ಬೈದೇಬಿಟ್ಟರು:
"ಸುರಿದದ್ದು ಉಸಿರಿನ ದಾರಿಗಿಳಿದರೆ
ಉಂಡೆ ಉಳಿಯುತ್ತೆ, ಬೆಕ್ಕು ಹೋಗುತ್ತೆ."

ಸಂಜೆ ಟ್ರೇಯ ಮೇಲೆ ಬಂತು ಬತ್ತಿ.
ಇಕ್ಕಳದಲ್ಲಿ ಬಿಡಿಸುತ್ತ ಕೇಳಿದರು,
"ನಿಮ್ಮ ಬೆಕ್ಕು ಹುರುಳಿ ಬಣ್ಣ.
ಈ ಕೆಂಪು ಯಾರದು?"

ಬಗ್ಗಿ ನೋಡಿದೆ.
ಬುಡ ಬಿಳಿ, ತುದಿಗೆ ಮೆಹಂದಿ, ಒರಟು, ಗುಂಗುರು.
ಪಾಯಿಂಟ್ಸ್‌ಮನ್ ಆಗಿದ್ದ ಗಫಾರ್ ಸಾಬರ ಗಡ್ಡ.
ಗುರುವಾರ ಸಂಜೆಯದು.

ದಣಿದು ಗೋಡೆಗೊರಗಿದರೆ
ದಿನವೂ ನನ್ನ ತೋಳು ನೆಕ್ಕುತ್ತಿತ್ತು ಅದು.
ಪ್ರೀತಿ ಅಂದುಕೊಂಡಿದ್ದೆ.
ಪ್ರೀತಿಯೇ ಇರಬೇಕು.
ಆದರೆ ಆ ನಾಲಿಗೆ ಅರದಂಥದ್ದು, ಮುಳ್ಳೆಲ್ಲ ಒಳಮುಖ,
ಹತ್ತಿದ್ದನ್ನು ಉಗಿಯಲು ಬಾರದು, ನುಂಗಲೇಬೇಕು.
ತನ್ನದು ಸಾಲದೆಂದು
ನನ್ನ ತೋಳಿನ ಮೇಲಿನ ಅರ್ಧ ಅರಸೀಕೆರೆ
ಅದರ ಹೊಟ್ಟೆ ಸೇರಿತ್ತು.

ಸಾಬರಿಗೆ ಹೇಳಿದರೆ
ಗಂಟಲ ಮೇಲೆ ಕತ್ತಿಯಿದ್ದಾಗಲೇ ನಕ್ಕುಬಿಟ್ಟರು.
"ಒಂದೇ ಒಂದು ಗಾಡಿ ತಪ್ಪು ಹಳಿಗೆ ಬಿಟ್ಟವನಲ್ಲ ನಾನು,
ನನ್ನ ಗಡ್ಡವೇ ಹೋಯಿತೇನಯ್ಯ?"
ಮುಂದಿನ ಗುರುವಾರ ಹಳೇ ಡಾಲ್ಡಾ ಡಬ್ಬಿಯಲ್ಲಿ
ಬೆರಳೆತ್ತರದ ಗೋಧಿ ಪೈರು ತಂದಿಟ್ಟರು.
ಹುರುಳಿ ಅದನ್ನು ಮೇಯುತ್ತದೆ
ಕಣ್ಣು ಮುಚ್ಚಿ, ಕರುವಿನ ಹಾಗೆ.

ಈಗ ಕಿಟಕಿಗೊಂದು, ಬಚ್ಚಲ ಬಾಗಿಲಿಗೊಂದು ನೀರಿನ ಬಟ್ಟಲು.
ಉಪ್ಪಿಲ್ಲದ ಮೀನಿನ ರಸದೊಳಗೆ
ಬೆಂದ ಸಿಹಿಗುಂಬಳ ಒಂದಿಷ್ಟೇ, ಕಾಣದಂತೆ.
ನಾನು ಮೊಣಕೈವರೆಗೆ ತೊಳೆದು, ಅಂಗಿ ಬದಲಿಸದೆ
ಹೊಸ್ತಿಲು ದಾಟುವುದಿಲ್ಲ.

ಬಾಗಿಲು ಅರ್ಧ ಎಳೆದ ಮೇಲೆ
ಮಕ್ಕಳಿಗೆಂದು ಇಟ್ಟ ಹಲಗೆಯ ಮೇಲೆ ಹತ್ತಿ ಕೂರುತ್ತದೆ.
ಸೀರಣಿಗೆ ನೀರಲ್ಲದ್ದಿ ಬೆನ್ನ ಮೇಲಿಂದ ಬಾಲದ ಬುಡದವರೆಗೆ
ಮೆಲ್ಲಗೆ, ಕೂದಲು ಮಲಗಿದ ದಿಕ್ಕಿಗೇ.
ಕನ್ನಡಿಯೊಳಗಿನ ತನ್ನನ್ನೇ ನೋಡುತ್ತದೆ
ಮದುವೆಗೆ ಹೊರಟವರಂತೆ.
ಹೊಟ್ಟೆಯ ಕಡೆ ಹೋದರೆ ಬಾಲ ಒಮ್ಮೆ ಬಡಿಯುತ್ತದೆ:
ಇವತ್ತಿಗೆ ಇಷ್ಟು ಸಾಕು.

ಹಣಿಗೆಯಲ್ಲಿ ಸಿಕ್ಕದ್ದನ್ನು ಗೋಣಿಗೆ ಹಾಕುತ್ತೇನೆ
ಊರಿನವರ ಜೊತೆಗೆ.

ತಿಂಗಳಿಗೊಮ್ಮೆ, ಎರಡೂವರೆಗೆ, ಈಗಲೂ ಇದೆ.
ಚಾಪೆಯ ಮೇಲೇ.